ಉತ್ತರಕಾಂಡವೂ ವಾಚಕನೂ

ಬಹುಸಂಪುಟಗಳ ಕಥೆಯೊಂದನ್ನು ವರ್ಷಗಟ್ಟಲೆ ಅನುಸರಿಸಿಕೊಂಡು ಬಂದ ವಾಚಕನಿಗೆ ಅದರ ಕಡೆಯ ಸಂಪುಟದ ಮೇಲೆ ಯಾವುದಾದರೊಂದು ಹಕ್ಕುಂಟೆ? ಉಂಟೆಂದಾದರೆ ಅದು ಎಷ್ಟರ ಮಟ್ಟಿನದು? ಮೇಲ್ನೋಟಕ್ಕೆ ಈ ಪ್ರಶ್ನೆಯು ಅಲ್ಪವಾಗಿ ತೋರಬಹುದು. ಕಥೆಯು ಬರೆದವನದು, ಹಿಡಿಸದವನು ಪುಸ್ತಕವನ್ನು ಮುಚ್ಚಿಡಲಿ ಎಂದು ಹೇಳಿ ಮುಗಿಸುವುದಕ್ಕೆ ಕಷ್ಟವೇನೂ ಇಲ್ಲ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ನಡೆದ ಒಂದು ಸಣ್ಣ ಜಗಳವು ನನ್ನನ್ನು ಈ ವಿಚಾರಕ್ಕೆ ಎಳೆದು, ಇಂದಿಗೂ ಬಿಟ್ಟಿಲ್ಲ.

ಮೊಮ್ಮಕ್ಕಳಿಬ್ಬರು ಹ್ಯಾರಿ ಪಾಟರ್ ಎಂಬ ಮಾಂತ್ರಿಕ ಬಾಲಕನ ಆಂಗ್ಲ ಕಥಾಮಾಲೆಯನ್ನು ಓದಿ ಮುಗಿಸಿದ್ದರು. ಏಳು ಸಂಪುಟಗಳ ಆ ಕಥೆಯ ಕಡೆಯ ಸಂಪುಟವು 2007ರಲ್ಲಿ ಹೊರಬಂದುದು. ಯುದ್ಧವೆಲ್ಲ ಮುಗಿದ ಬಳಿಕ, ಹತ್ತೊಂಬತ್ತು ವರ್ಷಗಳ ಅನಂತರದ ಒಂದು ಪುಟ್ಟ ಅಧ್ಯಾಯವನ್ನು ಲೇಖಕಿಯು ಜೋಡಿಸಿರುವರು. ಅದರಲ್ಲಿ ನಾಯಕನೂ ಅವನ ಗೆಳೆಯರೂ ಸಂಸಾರಸ್ಥರಾಗಿ ತಮ್ಮ ಮಕ್ಕಳನ್ನು ಶಾಲೆಯ ರೈಲಿಗೆ ಹತ್ತಿಸುತ್ತಿರುವರು. ಮೊಮ್ಮಗಳಿಗೆ ಈ ಅಧ್ಯಾಯವು ಸುತರಾಂ ಸಹ್ಯವಾಗಲಿಲ್ಲ. ಅಷ್ಟು ಮಂದಿ ಸತ್ತ ಮೇಲೆ ಉಳಿದವರು ಇಷ್ಟು ಸುಖವಾಗಿ ಇದ್ದರೆಂದರೆ ತಾನು ನಂಬುವುದಿಲ್ಲವೆಂದು ಅವಳ ಹಟ. ಅದಿಲ್ಲದಿದ್ದರೆ ತನಗೆ ಅಂದು ರಾತ್ರಿ ನಿದ್ರೆಯೇ ಬರುತ್ತಿರಲಿಲ್ಲವೆಂದು ತಮ್ಮನ ವಾದ. ಇದು ಈ ಮಕ್ಕಳಿಬ್ಬರದೇ ಜಗಳವಲ್ಲ. ಲೋಕದ ಎಲ್ಲೆಡೆ ಆ ಪುಸ್ತಕದ ವಾಚಕರು ಇದೇ ಅಧ್ಯಾಯದ ವಿಷಯದಲ್ಲಿ ಎರಡಾಗಿ ಒಡೆದಿದ್ದಾರೆಂದು ಅವರ ತಂದೆ ಹೇಳಿದನು. ಗೇಮ್ ಆಫ್ ಥ್ರೋನ್ಸ್ ಎಂಬ ಇನ್ನೊಂದು ಕಲ್ಪಿತ ರಾಜ್ಯಗಳ ಕಥೆಯು 2019ರಲ್ಲಿ ಕಿರುತೆರೆಯ ಮೇಲೆ ಮುಗಿದಾಗ, ಕಡೆಯ ಭಾಗವನ್ನು ಸಮರ್ಥರಾದ ಬೇರೆ ಲೇಖಕರಿಂದ ಬರೆಯಿಸಿ ಪುನಃ ತೆಗೆಯಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರೇಕ್ಷಕರು ರುಜು ಹಾಕಿದರು. ನಾನು ನಕ್ಕೆನು. ನಕ್ಕಮೇಲೆ, ನಾವು ನಗುವ ಹಾಗಿಲ್ಲವೆಂದು ತೋರಿತು. ಏಳು ಭಾಗಗಳ ಕಥೆಯೊಂದು ನಮ್ಮಲ್ಲಿಯೂ ಉಂಟಷ್ಟೆ. ಅದರ ಏಳನೆಯ ಭಾಗದ ಕುರಿತಾದ ಜಗಳವು ಎರಡು ಸಾವಿರ ವರ್ಷಗಳಿಗೆ ಹತ್ತಿರದಷ್ಟು ಹಳೆಯದು.

ನಮ್ಮ ಮನೆಯಲ್ಲಿ ನನ್ನ ಬಾಲ್ಯದಲ್ಲಿ ಆಟಿಯ ಮಳೆ ಹಿಡಿದುಕೊಂಡಿತೆಂದರೆ ಅಜ್ಜನವರು ತೊರವೆಯ ರಾಮಾಯಣವನ್ನು ಪೀಠದ ಮೇಲಿಟ್ಟು ರಾತ್ರಿಯ ಊಟಕ್ಕೆ ಮೊದಲು ಒಂದೊಂದು ಸಂಧಿಯಂತೆ ಓದುತ್ತಿದ್ದರು. ಸೋಣ ತಿಂಗಳ ಒಂದು ಶುಭದಿನ ಪಟ್ಟಾಭಿಷೇಕವಾಗುವುದು. ಅಂದು ಪಾನಕ, ಪಂಚಕಜ್ಜಾಯ, ನೆರೆಮನೆಯವರಿಗೆಲ್ಲ ಕರೆ. ಮಂಗಳವಾದ ಮೇಲೆ ಗ್ರಂಥವನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ದೇವರ ಕೋಣೆಯಲ್ಲಿಟ್ಟರೆ ಮತ್ತೆ ಬಿಚ್ಚುವುದು ಮುಂದಿನ ಆಟಿಗೆ. "ಮುಂದೆ ಏನಾಯಿತು?" ಎಂದು ಕೇಳಿದ ಹುಡುಗರಿಗೆ, "ಮುಂದೆ ಎಲ್ಲರೂ ಸುಖವಾಗಿದ್ದರು" ಎಂಬುದೇ ಉತ್ತರ. ಉತ್ತರಕಾಂಡವನ್ನು ಮನೆಯೊಳಗೆ ಓದಬಾರದು, ಓದಿದರೆ ಮನೆಗೆ ಒಳ್ಳೆಯದಲ್ಲವೆಂಬ ನಂಬಿಕೆಯು ನಮ್ಮ ಮನೆಯೊಂದರದೇ ಅಲ್ಲ. ವಾಚಕರಲ್ಲಿ ಅನೇಕರು ತಮ್ಮ ಹಿರಿಯರ ಬಾಯಿಯಿಂದಲೂ ಇದನ್ನು ಕೇಳಿರಬಹುದು.

ಆ ಕಾಂಡದಲ್ಲಿರುವುದಾದರೂ ಏನು? ಮೊದಲರ್ಧವೆಲ್ಲ ರಾವಣನ ಪೂರ್ವವೃತ್ತಾಂತ; ಅದರ ಗೋಜು ಯಾರಿಗೂ ಇಲ್ಲ. ಅನಂತರ ಬರುವುದು ಸೀತೆಯ ಪರಿತ್ಯಾಗ, ಶಂಬೂಕನ ವಧೆ, ಅಶ್ವಮೇಧ, ಕುಶಲವರ ಗಾನ, ಸೀತೆಯ ಭೂಪ್ರವೇಶ, ಲಕ್ಷ್ಮಣನ ತ್ಯಾಗ, ಕಡೆಗೆ ಸರಯೂ ನದಿ. ಹದಿನಾಲ್ಕು ವರ್ಷಗಳ ವನವಾಸವನ್ನೂ ಲಂಕೆಯ ಯುದ್ಧವನ್ನೂ ದಾಟಿ ಸಿಂಹಾಸನದವರೆಗೆ ಬಂದ ದಂಪತಿಗಳನ್ನು ಕವಿಯು ಒಂದೇ ಒಂದು ಊರಮಾತಿಗಾಗಿ ಬೇರ್ಪಡಿಸುತ್ತಾನೆ. ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಆ ಮಾತನ್ನಾಡಿದವನು ಅಗಸನೆಂದು ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ವಾಲ್ಮೀಕಿಯಲ್ಲಿ ಅಗಸನಿಲ್ಲ. ಅಲ್ಲಿ ಭದ್ರನೆಂಬವನು, ಪಟ್ಟಣದಲ್ಲಿಯೂ ಹಳ್ಳಿಗಳಲ್ಲಿಯೂ ಜನರೆಲ್ಲ ಹೀಗೆ ಆಡಿಕೊಳ್ಳುತ್ತಿದ್ದಾರೆಂದು ಅರಸನಿಗೆ ಬಿನ್ನವಿಸುವನು. ಊರಿಗೆ ಊರೇ ಆಡಿದ ಮಾತನ್ನು ಒಬ್ಬ ಬಡ ಅಗಸನ ತಲೆಗೆ ಕಟ್ಟಿ ತಾವು ಪಾರಾದವರು ಯಾರೋ!

ಈ ಕಾಂಡವನ್ನು ಒಲ್ಲದ ಕವಿಗಳು ಒಬ್ಬಿಬ್ಬರಲ್ಲ. ತೊರವೆಯ ನರಹರಿಯು ಪಟ್ಟಾಭಿಷೇಕಕ್ಕೇ ಕೈ ಮುಗಿದನು. ಉಳಿದುದನ್ನು ಅನಂತರ ಬಂದ ತಿರುಮಲೆವೈದ್ಯನು ಉತ್ತರರಾಮಾಯಣವೆಂದು ಬರೆಯಬೇಕಾಯಿತು. ತಮಿಳಿನ ಕಂಬನೂ ಅಲ್ಲಿಯೇ ನಿಂತನು. ತುಲಸೀದಾಸರ ಮಾನಸದಲ್ಲಿ ಉತ್ತರಕಾಂಡವೆಂಬ ಹೆಸರೇನೋ ಇದೆ, ಆದರೆ ಸೀತೆಯನ್ನು ಕಾಡಿಗೆ ಕಳುಹಿಸುವ ಕಥೆಯಿಲ್ಲ. ನಮಗೆ ಹತ್ತಿರದ ಕಾಲದಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ತಾವು ಬರೆದ ರಾಮಾಯಣವನ್ನು ಪಟ್ಟಾಭಿಷೇಕದೊಡನೆ ಮುಗಿಸಿ, ಉತ್ತರಕಾಂಡದಲ್ಲಿ ಸೌಂದರ್ಯವಿದ್ದರೂ ತಮ್ಮ ಹೃದಯವು ಅದನ್ನು ಒಪ್ಪದೆಂದೂ, ಆ ಕಥೆಯು ನಮ್ಮ ಸ್ತ್ರೀಯರ ದುಃಖದಿಂದ ಹುಟ್ಟಿದ ಕಲ್ಪನೆಯಾಗಿರಬೇಕೆಂದೂ ಅರಿಕೆಮಾಡಿಕೊಂಡರು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಎರಡನೆಯ ಮಾತು ನನ್ನನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ. ಸ್ತ್ರೀಯರ ದುಃಖದಿಂದ ಹುಟ್ಟಿತೆಂಬುದು ಒಂದು ಕಥೆಯನ್ನು ಬಿಡುವುದಕ್ಕೆ ಕಾರಣವೊ, ಕೇಳುವುದಕ್ಕೆ ಕಾರಣವೊ?

ಬಿಟ್ಟವರಿಗಿಂತ ಸಾಹಸಿಗಳಾದವರು ತಿದ್ದಿದವರು. ಭವಭೂತಿಯ ಉತ್ತರರಾಮಚರಿತದಲ್ಲಿ ಏಳನೆಯ ಅಂಕದ ಒಳನಾಟಕವು ಮುಗಿಯುವಾಗ ಸೀತೆಯು ಜೀವಂತಳಾಗಿ ರಾಮನಿಗೆ ದೊರೆಯುವಳು. ಕುಂದಮಾಲೆಯಲ್ಲಿಯೂ ಹಾಗೆಯೇ. ಜೈಮಿನಿಯ ಅಶ್ವಮೇಧಪರ್ವದಲ್ಲಿಯೂ, ಅದನ್ನು ಹಿಡಿದು ಬಂದ ನಮ್ಮ ಲಕ್ಷ್ಮೀಶನಲ್ಲಿಯೂ ಮಕ್ಕಳೊಡನೆ ತಾಯಿಯೂ ಅಯೋಧ್ಯೆಗೆ ಸೇರುವಳು. ಪದ್ಮಪುರಾಣದ ಪಾತಾಳಖಂಡವು ಹೇಳುವುದೂ ಇದನ್ನೇ. ಆ ಖಂಡದ ಕಥೆಯನ್ನು ಕನ್ನಡಿಸಿದವನು ನಮ್ಮ ನಂದಳಿಕೆಯ ಲಕ್ಷ್ಮೀನಾರಣಪ್ಪ, ಮುದ್ದಣ. ಮೂವತ್ತೊಂದೇ ವರ್ಷ ಬಾಳಿ 1901ರಲ್ಲಿ ಕ್ಷಯದಿಂದ ತೀರಿಹೋದ ಆ ಬಡ ಉಪಾಧ್ಯಾಯನು ತನ್ನ ರಾಮಾಶ್ವಮೇಧವನ್ನು ಯಾರೋ ಪ್ರಾಚೀನರ ಗ್ರಂಥವೆಂಬ ವೇಷದಲ್ಲಿ ಮೈಸೂರಿಗೆ ಕಳುಹಿಸಿದುದು ವಾಚಕರಿಗೆ ತಿಳಿದ ಸಂಗತಿ. ಆದರೆ ಈ ಲೇಖನದ ದೃಷ್ಟಿಯಿಂದ ಆ ಗ್ರಂಥದ ಹೆಚ್ಚಳವು ಮನೋರಮೆಯಲ್ಲಿದೆ. ಕಥೆಯನ್ನು ಸುಮ್ಮನೆ ಕೇಳಿಕೊಂಡಿರದೆ, ನಡುನಡುವೆ ತಡೆದು, ಇದು ಹೀಗೇಕೆ, ಅದು ಬೇಡ, ಇದು ಬೇಕು ಎಂದು ಕವಿಯನ್ನು ವಿಚಾರಿಸಿಕೊಳ್ಳುವ ವಾಚಕಿಯು ಪುಸ್ತಕದ ಒಳಗೇ ಕುಳಿತಿದ್ದಾಳೆ. ಮಳೆಗಾಲದ ಸಂಜೆ ಗಂಡನ ಮುಂದೆ ಕುಳಿತು ಹಕ್ಕು ಸಾಧಿಸುವ ಅವಳಿಗೂ ನನ್ನ ಮೊಮ್ಮಗಳಿಗೂ ಹೆಚ್ಚಿನ ಭೇದ ಕಾಣಿಸದು.

ತಿದ್ದುವ ಈ ಆಸೆ ನಮ್ಮ ದೇಶದ್ದೇ ಎಂದು ತಿಳಿಯಬೇಕಾಗಿಲ್ಲ. ಷೇಕ್ಸ್‌ಪಿಯರ್ ಮಹಾಕವಿಯ ಲಿಯರ್ ನಾಟಕದಲ್ಲಿ ನಿರಪರಾಧಿನಿಯಾದ ಕಿರಿಮಗಳು ಸೆರೆಯಲ್ಲಿ ಸಾಯುವಳು. 1681ರಲ್ಲಿ ನೇಹಮ್ ಟೇಟ್ ಎಂಬವನು ಅವಳನ್ನು ಬದುಕಿಸಿ, ಮದುವೆ ನಿಶ್ಚಯಿಸಿ, ಮುದುಕನಿಗೆ ರಾಜ್ಯವನ್ನೂ ಮರಳಿ ಕೊಡಿಸಿದನು. 1838ರಲ್ಲಿ ಮ್ಯಾಕ್ರೆಡಿ ಎಂಬ ನಟನು ಮೂಲವನ್ನು ಮತ್ತೆ ರಂಗಕ್ಕೆ ತರುವ ತನಕ, ಸುಮಾರು ಒಂದೂವರೆ ಶತಮಾನ ಪರ್ಯಂತ, ಇಂಗ್ಲೆಂಡಿನ ರಂಗಭೂಮಿಯಲ್ಲಿ ಹೆಚ್ಚಾಗಿ ನಡೆದುದು ಟೇಟನ ಪಾಠವೇ. ಡಾಕ್ಟರ್ ಜಾನ್ಸನನಂತಹ ಗಟ್ಟಿ ಎದೆಯ ವಿದ್ವಾಂಸನೇ, ಆ ಹುಡುಗಿಯ ಮರಣವನ್ನು ಓದಿ ಕಂಗೆಟ್ಟವನು, 1765ರಲ್ಲಿ ಮುದ್ರಿತವಾದ ತನ್ನ ಸಂಪಾದನೆಯ ಕರ್ತವ್ಯವು ಬಂದೊದಗುವವರೆಗೆ ಕಡೆಯ ದೃಶ್ಯಗಳನ್ನು ತಿರುಗಿ ಓದಿದೆನೊ ಇಲ್ಲವೊ ಎಂದು ಬರೆದುಕೊಂಡನು. ಇವರನ್ನೆಲ್ಲ ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ನನ್ನ ಅಜ್ಜನವರ ಓದು ಸಾಹಿತ್ಯವಿಮರ್ಶೆಯಾಗಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು, ಗದ್ದೆಯಲ್ಲಿ ನೇಜಿ ಇತ್ತು, ಹೊಳೆಯಲ್ಲಿ ನೆರೆ ಇತ್ತು. ಅಂತಹ ತಿಂಗಳಲ್ಲಿ ಮನೆಗೆ ಒಳಿತಾಗಲೆಂದು ಓದುವವನು ಮಂಗಳದಲ್ಲಿ ನಿಲ್ಲಿಸುವುದು ಸಹಜವೇ ಸರಿ. ತನಗೆ ತಾಳಲಾರದುದನ್ನು ಓದದೆ ಇರುವ ಹಕ್ಕು ಪ್ರತಿಯೊಬ್ಬ ವಾಚಕನಿಗೂ ಉಂಟು. ತೊಡಕಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ನಾನು ಓದಲಾರೆ ಎಂಬ ಮಾತು ಎಷ್ಟು ಸುಲಭವಾಗಿ ಅದು ಇಲ್ಲವೇ ಇಲ್ಲ ಎಂಬ ಮಾತಾಗಿ ತಿರುಗುತ್ತದೆಂಬುದನ್ನು ನೋಡಬೇಕು.

ವಿದ್ವಾಂಸರು ಈ ಎರಡನೆಯ ಮಾತಿಗೆ ಆಧಾರವನ್ನೂ ಒದಗಿಸಿಕೊಟ್ಟಿದ್ದಾರೆ. ಯುದ್ಧಕಾಂಡದ ಕಡೆಯಲ್ಲಿ ಫಲಶ್ರುತಿ ಇದೆ. ಫಲಶ್ರುತಿಯೆಂದರೆ ಗ್ರಂಥ ಮುಗಿಯಿತೆಂದೇ ಅರ್ಥವಲ್ಲವೆ? ಮಹಾಭಾರತದ ವನಪರ್ವದಲ್ಲಿರುವ ರಾಮೋಪಾಖ್ಯಾನವೂ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಜರ್ಮನಿಯ ಯಾಕೋಬಿ ಪಂಡಿತನು 1893ರಲ್ಲಿ ಬಾಲಕಾಂಡದ ಬಹುಭಾಗವೂ ಉತ್ತರಕಾಂಡವೂ ಅನಂತರದ ಸೇರ್ಪಡೆಗಳೆಂದು ವಾದಿಸಿದನು. ಬರೋಡೆಯ ಪ್ರಾಚ್ಯವಿದ್ಯಾಮಂದಿರದವರು 1975ರಲ್ಲಿ ಮುಗಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಏಳನೆಯ ಕಾಂಡವು ತನ್ನ ಸ್ಥಾನದಲ್ಲಿ ಇದ್ದೇ ಇದೆ. ಆದರೆ ಹಸ್ತಪ್ರತಿಗಳಲ್ಲಿ ಅದಿರುವುದು ಬೇರೆ, ಆದಿಕವಿಯೇ ಅದನ್ನು ಬರೆದನೆಂಬುದು ಬೇರೆ. ಈ ವಾದಗಳು ಸಾಧಾರವಾದುವೆಂದೇ ನಾನೂ ಎಣಿಸುತ್ತೇನೆ. ಹಾಗಿದ್ದರೂ ಪ್ರಕ್ಷಿಪ್ತವೆಂಬ ಶಬ್ದವನ್ನು ನಮ್ಮವರು ಉಪಯೋಗಿಸುವ ರೀತಿಯನ್ನು ಕಂಡಾಗ ನನಗೆ ಸಂಶಯ ಬರುತ್ತದೆ. ಹಿಡಿಸಿದ ಭಾಗವು ಎಷ್ಟು ಈಚಿನದಾದರೂ ಅದನ್ನು ಪ್ರಕ್ಷಿಪ್ತವೆಂದು ಯಾರೂ ಹೊರಗೆ ಹಾಕಿದುದಿಲ್ಲ. ಬಾಲಕಾಂಡದಲ್ಲಿ ಸೀತಾಕಲ್ಯಾಣವಿದೆ, ಯಾಕೋಬಿಯ ಹೆಸರು ಹೇಳಿ ಅದನ್ನು ಓದದೆ ಬಿಟ್ಟ ಒಂದು ಮನೆಯನ್ನಾದರೂ ಮಂಗಳೂರಿನಲ್ಲಿ ತೋರಿಸಬಲ್ಲಿರಾ?

ಅದಿರಲಿ. ಉತ್ತರಕಾಂಡವನ್ನು ಬೇರೊಬ್ಬನೇ ಬರೆದನೆಂದು ಇಟ್ಟುಕೊಳ್ಳೋಣ. ಆ ಬೇರೊಬ್ಬನು ಯಾರು? ಆರು ಕಾಂಡಗಳನ್ನು ಓದಿ, ಸಿಂಹಾಸನದ ಮೇಲೆ ಕುಳಿತ ದಂಪತಿಗಳನ್ನು ಕಣ್ತುಂಬ ನೋಡಿ, ಅಷ್ಟಕ್ಕೆ ಸಮಾಧಾನ ಹೊಂದದೆ ಹೋದ ವಾಚಕನು. ಲಂಕೆಯಲ್ಲಿ ಬೆಂಕಿ ಹೊಕ್ಕು ಬಂದವಳನ್ನು ಊರು ಸುಮ್ಮನೆ ಬಿಟ್ಟೀತೆ ಎಂಬ ಪ್ರಶ್ನೆಯು ಅವನ ಮನಸ್ಸನ್ನು ಕೊರೆಯಿತು. ಊರನ್ನು ಬಲ್ಲವನಾದುದರಿಂದ ಬಿಡಲಾರದೆಂದು ಬರೆದನು. ಹೀಗೆ ನೋಡಿದರೆ ಉತ್ತರಕಾಂಡವೇ ರಾಮಾಯಣದ ಮೊದಲನೆಯ ಅತೃಪ್ತ ವಾಚಕನ ಅಭಿಪ್ರಾಯವಾಗುವುದು. ನಮ್ಮ ಭಾಷೆಯಲ್ಲಿ ಉತ್ತರವೆಂಬ ಶಬ್ದಕ್ಕೆ ಎರಡರ್ಥಗಳಿರುವುದನ್ನು ನೆನೆಸಿಕೊಂಡು ನಾನು ಕೆಲವೊಮ್ಮೆ ಸಂತೋಷಪಡುವುದುಂಟು.

ಕೆಲವು ವರ್ಷಗಳ ಹಿಂದೆ ರಥಬೀದಿಯ ಸಮೀಪದ ಒಂದು ಸಭಾಂಗಣದಲ್ಲಿ ಸೀತಾಪರಿತ್ಯಾಗದ ತಾಳಮದ್ದಳೆಯನ್ನು ಕೇಳಿದೆನು. ಹೊರಗೆ ಸುರಿಮಳೆ, ಒಳಗೆ ಕೊಡೆಗಳಿಂದ ಇಳಿದ ನೀರು. ರಾಮನ ಅರ್ಥ ಹೇಳಿದವರು ಸಮರ್ಥರು. ಅರಸನಿಗೆ ತನ್ನದೆಂಬ ಮನೆಯಿಲ್ಲ, ಇರುವ ಪ್ರಜೆಗಳೆಲ್ಲ ಅವನ ಮನೆಯೇ, ಎಂದು ಅವರು ಹೇಳಿದ ರೀತಿಗೆ ಸಭೆಯು ತಲೆದೂಗಿತು. ಲಕ್ಷ್ಮಣನು ಬಿಡಲಿಲ್ಲ. ಅತ್ತಿಗೆಯು ಶುದ್ಧಳೆಂದು ನಿನ್ನ ಅಂತರಾತ್ಮವೇ ಹೇಳುತ್ತಿದೆಯೆಂದು ನೀನೇ ಒಪ್ಪಿದ ಮೇಲೆ, ಸುಳ್ಳು ಹೇಳುವ ಸಾವಿರ ಪ್ರಜೆಗಳನ್ನು ಬಿಟ್ಟು ನಿಜವನ್ನು ಬಲ್ಲ ಒಬ್ಬ ಪ್ರಜೆಯನ್ನು ಕಾಡಿಗಟ್ಟುವುದು ಯಾವ ರಾಜಧರ್ಮ ಎಂದು ಕೇಳಿದನು. ಅದಕ್ಕೂ ಚಪ್ಪಾಳೆ. ಇಬ್ಬರೂ ಗೆದ್ದರೆಂದು ಸಭಿಕರು ತೃಪ್ತರಾಗಿ ಕುಳಿತಿರುವಾಗ ನನ್ನ ಹಿಂದಿನ ಸಾಲಿನ ಒಬ್ಬ ವೃದ್ಧೆಯು ಪಕ್ಕದವಳೊಡನೆ, "ಅವಳನ್ನೊಮ್ಮೆ ಕೇಳಿದವರುಂಟೋ ಇವರಲ್ಲಿ?" ಎಂದಳು. ಕೇಳಿದವರಿಲ್ಲ. ಬಸುರಿ ಬಯಕೆಯಾಗಿ ಗಂಗಾತೀರದ ಆಶ್ರಮಗಳನ್ನು ನೋಡಬೇಕೆಂದು ಅವಳಾಡಿದ ಮಾತನ್ನೇ ನೆವವಾಗಿ ಹಿಡಿದು ರಥ ಹತ್ತಿಸಿದರು; ಹೊಳೆ ದಾಟಿದ ಬಳಿಕ ಸಂಗತಿ ತಿಳಿಸಿದರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದು ಬಂದ ಕುಶಲವರ ಕಾಳಗವನ್ನು ಬಯಲಿನಲ್ಲಿ ಆಡುವಾಗ, ಆ ಪುಟ್ಟ ಮಕ್ಕಳು ಅಯೋಧ್ಯೆಯ ವೀರರನ್ನು ಒಬ್ಬೊಬ್ಬರಾಗಿ ಕೆಡಹಿದ ಹಾಗೆಲ್ಲ ಪ್ರೇಕ್ಷಕರಲ್ಲಿ ಹೊಮ್ಮುವ ಹರ್ಷವನ್ನು ನೋಡಿದವರಿಗೆ, ರಾಮಭಕ್ತರಾದ ಈ ಜನರು ಆ ಒಂದು ರಾತ್ರಿ ಯಾರ ಪಕ್ಷದಲ್ಲಿರುವರೆಂಬುದನ್ನು ಹೇಳಬೇಕಾಗಿಲ್ಲ.

ಕಡೆಯ ಕಾಂಡವು ಬೇಡವೆನ್ನುವವರು ಯಾರು, ಬೇಕೆನ್ನುವವರು ಯಾರು ಎಂದು ವಿಚಾರಿಸಿದರೆ ವಿಷಯವು ರಸಾಸ್ವಾದದ ಮೇರೆಯನ್ನು ದಾಟಿ ನೀತಿಯ ಪ್ರಶ್ನೆಯಾಗುತ್ತದೆ. ರಮಾನಂದ ಸಾಗರರ ರಾಮಾಯಣವು ದೂರದರ್ಶನದಲ್ಲಿ 1988ರ ಜುಲೈ ತಿಂಗಳಲ್ಲಿ ಪಟ್ಟಾಭಿಷೇಕದೊಡನೆ ಮುಗಿಯಿತು. ಮುಂದಿನ ಕಥೆಯನ್ನೂ ತೋರಿಸಬೇಕೆಂದು ಉತ್ತರ ಹಿಂದೂಸ್ಥಾನದ ಹಲವು ಪಟ್ಟಣಗಳಲ್ಲಿ ಬೀದಿ ಗುಡಿಸುವ ಕಾರ್ಮಿಕರು ಮುಷ್ಕರ ಹೂಡಿದರು. ಕಸವು ಬೀದಿಗಳಲ್ಲಿ ರಾಶಿಬಿದ್ದಿತು. ಅವರು ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವವರು. ಕವಿಯು ಕಥೆಯೊಳಗೆ ಕಾಲಿಟ್ಟು, ಅರಸನು ಹೊರಗೆ ಹಾಕಿದವಳಿಗೆ ಮನೆ ಕೊಟ್ಟು, ಅವಳ ಮಕ್ಕಳಿಗೆ ವಿದ್ಯೆ ಕೊಟ್ಟು, ತುಂಬಿದ ಸಭೆಯಲ್ಲಿ ಅವಳ ಪರವಾಗಿ ಸಾಕ್ಷಿ ನುಡಿಯುವುದು ಏಳನೆಯ ಕಾಂಡದಲ್ಲಿ. ಪಟ್ಟಾಭಿಷೇಕದಲ್ಲಿ ಪರದೆ ಎಳೆದರೆ ಅವರ ಪಾಲೇ ಹೋದಂತಾಗುತ್ತದೆ. ಮುಂದಿನ ಭಾಗವೂ ಸಿದ್ಧವಾಗಿ, ಅದೇ ವರ್ಷ ಪ್ರಸಾರವಾಗಲು ತೊಡಗಿತು.

ಅದೇ ಕಾಂಡದಲ್ಲಿ ಶಂಬೂಕನೂ ಇದ್ದಾನೆ. ಸೀತೆಗಾಗಿ ಕಾಂಡವನ್ನು ಉಳಿಸಿಕೊಳ್ಳುವವನು ಶಂಬೂಕನನ್ನು ಕಂಡಾಗ ಕಣ್ಣು ತಿರುಗಿಸುವುದು ನ್ಯಾಯವಲ್ಲ. ಕುವೆಂಪುರವರು ತಮ್ಮ ಮಹಾಕಾವ್ಯವಾದ ಶ್ರೀರಾಮಾಯಣದರ್ಶನವನ್ನು, ಅದು 1949ರಲ್ಲಿ ಹೊರಬಂದುದು, ಅಭಿಷೇಕದಲ್ಲಿಯೇ ಮುಗಿಸಿದರು. ಆದರೆ ಅದಕ್ಕೆ ಮೊದಲೇ 1944ರಲ್ಲಿ ಶೂದ್ರತಪಸ್ವಿ ನಾಟಕದಲ್ಲಿ ಶಂಬೂಕನ ಬಳಿಗೆ ಹೋಗಿ, ರಾಮನ ಬಾಣವು ತಪಸ್ವಿಯನ್ನು ಮುಟ್ಟದೆ, ಅವನನ್ನು ದೂರಿದ ಬ್ರಾಹ್ಮಣನ ಬೆನ್ನಟ್ಟುವಂತೆ ಮಾಡಿದ್ದರು. ಮಾಸ್ತಿಯವರು ಇದಕ್ಕೆ ಆಕ್ಷೇಪಿಸಿದುದೂ, ಹಳೆಯ ಕಥೆಯನ್ನು ಹೀಗೆ ತಿರುಗಿಸುವ ಸ್ವಾತಂತ್ರ್ಯವು ಕವಿಗೆ ಎಷ್ಟುಂಟೆಂಬ ಚರ್ಚೆ ಕನ್ನಡದಲ್ಲಿ ನಡೆದುದೂ ಪ್ರಸಿದ್ಧವಾಗಿದೆ. ಇಬ್ಬರು ಹಿರಿಯರ ನಡುವೆ ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಭವಭೂತಿಯ ತಿದ್ದುಪಾಟಿಗೂ ಕುವೆಂಪುರವರದಕ್ಕೂ ಒಂದು ಭೇದವನ್ನು ಕಾಣುತ್ತೇನೆ. ಒಬ್ಬನು ಅನ್ಯಾಯವನ್ನು ತಿದ್ದಿ ನಮಗೆ ನೆಮ್ಮದಿಯನ್ನು ಕೊಟ್ಟನು. ಇನ್ನೊಬ್ಬರು ಅನ್ಯಾಯವನ್ನು ತಿದ್ದುವ ನೆಪದಲ್ಲಿ, ಅದು ನಡೆದಿತ್ತೆಂಬುದನ್ನು ಯಾರೂ ಮರೆಯದಂತೆ ಮಾಡಿದರು. 2017ರಲ್ಲಿ ಭೈರಪ್ಪನವರು ಇದೇ ಕಾಂಡದ ಹೆಸರಿನ ಕಾದಂಬರಿಯಲ್ಲಿ ಸೀತೆಯ ಬಾಯಿಂದಲೇ ಕಥೆಯನ್ನು ಹೇಳಿಸಿದಾಗ, ಮೆಚ್ಚಿದವರೂ ಮುನಿದವರೂ ಹುಟ್ಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳದೆ ಮುಂದುವರಿಯಲಾರೆ. ನನ್ನ ದೊಡ್ಡಮ್ಮನವರು ಮದುವೆಯಾಗಿ ಮೂರನೆಯ ವರ್ಷ ತವರಿಗೆ ಮರಳಿದರು. ಏಕೆಂಬುದನ್ನು ಮಕ್ಕಳೆದುರು ಯಾರೂ ಆಡಲಿಲ್ಲ, ಅವರೂ ಆಡಲಿಲ್ಲ. ಚಾವಡಿಯಲ್ಲಿ ಅಜ್ಜನವರ ಪಟ್ಟಾಭಿಷೇಕವಾಗಿ, ಬಂದವರೆಲ್ಲ ಹೋಗಿ, ದೀಪ ಸಣ್ಣದಾದ ಮೇಲೆ ಅವರು 'ಜೈಮಿನಿ ಭಾರತ'ವನ್ನು ತೆಗೆದುಕೊಂಡು ಹಿಂದಿನ ಜಗಲಿಗೆ ಹೋಗುತ್ತಿದ್ದರು. ಅಲ್ಲಿ ಸೀತೆಯನ್ನು ಕಾಡಿಗೆ ಬಿಡುವ ಸಂಧಿಯನ್ನು ಮೆಲುದನಿಯಲ್ಲಿ ಓದುತ್ತಿದ್ದರು. ಒಂದು ದಿನ ನಾನು ಬೆನ್ನ ಹಿಂದೆ ಹೋಗಿ ನಿಂತು, "ದೊಡ್ಡಮ್ಮ, ಅದನ್ನು ಓದಬಾರದೆಂದು ಅಜ್ಜ ಹೇಳುತ್ತಾರಲ್ಲ?" ಎಂದು ಕೇಳಿದೆ. "ಚಾವಡಿಯಲ್ಲಿ ಓದಬಾರದು, ಮಗಾ. ಇಲ್ಲಿ ಓದಿದರೆ ಅಡ್ಡಿಯಿಲ್ಲ" ಎಂದರು. ಲಕ್ಷ್ಮೀಶನ ಆ ಕಥೆಯು ಕಡೆಗೆ ಸುಖದಲ್ಲಿ ಮುಗಿಯುವುದಾದರೂ, ಸೀತೆಯು ಅಯೋಧ್ಯೆಗೆ ಮರಳುವ ಭಾಗವನ್ನು ಅವರು ಓದಿದುದನ್ನು ನಾನು ಕೇಳಿದ್ದಿಲ್ಲ.

ಅವರು ತೀರಿಕೊಂಡು ಬಹುಕಾಲವಾದ ಮೇಲೆ ನಮ್ಮ ಕುಟುಂಬದ ವಂಶಾವಳಿಯನ್ನು ಅಚ್ಚು ಹಾಕಿಸಿದೆವು. ಬರೆದವನು ನಾನೇ. ಗಂಡಸರಿಗೆ ಅವರವರ ಉದ್ಯೋಗ, ಕಟ್ಟಿಸಿದ ಮನೆ, ಮಾಡಿದ ಯಾತ್ರೆ ಎಲ್ಲವನ್ನೂ ಸೇರಿಸಿದೆನು. ದೊಡ್ಡಮ್ಮನ ಹೆಸರಿನ ಮುಂದೆ ಇಂತಹ ಊರಿನ ಇಂತಹವರಿಗೆ ಕೊಟ್ಟಿದೆ ಎಂದು ಬರೆದು ಪೂರ್ಣವಿರಾಮವನ್ನು ಹಾಕಿದೆನು. ಆ ವಿರಾಮದ ಆಚೆಗೆ ನಲುವತ್ತು ವರ್ಷಗಳಿದ್ದವು. ನಮಗೆ ಉಣಬಡಿಸಿದುದು, ನನಗೆ ಕಾಗುಣಿತ ಕಲಿಸಿದುದು, ಮಳೆಗಾಲದ ಜ್ವರಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದುದು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮನೆತನದ ಗೌರವಕ್ಕೆ ಅಷ್ಟು ಸಾಕೆಂದು ಕಂಡಿತು. ಯಾರೂ ಆಕ್ಷೇಪಿಸಲಿಲ್ಲ. ಮೊಮ್ಮಗಳು ಕಳೆದ ಮಳೆಗಾಲದಲ್ಲಿ, ಎಲ್ಲರೂ ಹೀಗೆ ಸುಖವಾಗಿದ್ದರೆಂದು ತಾನು ನಂಬುವುದಿಲ್ಲವೆಂದಾಗ ಥಟ್ಟನೆ ನನ್ನ ಕಣ್ಣ ಮುಂದೆ ಬಂದುದು ಆ ಪುಟವೇ.

ಆ ಜಗಳದ ಅನಂತರ ವಾಲ್ಮೀಕಿಯ ಉತ್ತರಕಾಂಡವನ್ನು ಮೊದಲ ಸಲ ಆದ್ಯಂತವಾಗಿ ಓದಿದೆನು, ಚಾವಡಿಯಲ್ಲಿಯೇ ಕುಳಿತು. ಓದಿದಾಗ ಕಂಡುದೇನೆಂದರೆ, ವಾಚಕರ ಈ ಜಗಳವನ್ನು ಕವಿಯು ಕಥೆಯೊಳಗೇ ನಡೆಯಿಸಿಬಿಟ್ಟಿದ್ದಾನೆ. ರಾಮಾಯಣವನ್ನು ತುಂಬಿದ ಸಭೆಯಲ್ಲಿ ಕುಳಿತು ದಿನದಿನವೂ ಕೇಳುವವನು ಸ್ವತಃ ರಾಮನು. ಹಾಡುವವರು ಅವನು ಕಂಡರಿಯದ ಮಕ್ಕಳು. ತನ್ನ ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗಲೇ ಅವನಿಗೆ ಅದರ ಅಂತ್ಯವನ್ನು ತಿದ್ದಬೇಕೆಂದು ಆಸೆಯಾಗುತ್ತದೆ. ಸೀತೆಯು ಶುದ್ಧಳಾಗಿದ್ದರೆ ಮುನಿಯ ಅನುಮತಿ ಪಡೆದು ಬಂದು ಸಭೆಯ ಮುಂದೆ ಶಪಥ ಮಾಡಲಿ ಎಂದು ಹೇಳಿಕಳುಹಿಸುವನು. ಪಟ್ಟಾಭಿಷೇಕದ ಆ ಚಿತ್ರವು ಇನ್ನೊಮ್ಮೆ ಪೂರ್ಣವಾಗಬೇಕು, ಪಕ್ಕದ ಪೀಠವು ತುಂಬಬೇಕು. ಭವಭೂತಿಯೂ ಜೈಮಿನಿಯೂ ಮುಂದೆ ಅವನಿಗೆ ಕೊಟ್ಟುದು ಇದನ್ನೇ, ಅವನು ಕೇಳಿದುದನ್ನೇ.

ಸೀತೆಯು ಬರುತ್ತಾಳೆ. ಕಾಷಾಯವನ್ನು ಉಟ್ಟಿದ್ದಾಳೆ. ವಾಲ್ಮೀಕಿಯು ತನ್ನ ತಪಸ್ಸನ್ನೇ ಪಣವಾಗಿಟ್ಟು ಸಾಕ್ಷಿ ಹೇಳುತ್ತಾನೆ. ರಾಮನು ತನಗೆ ನಂಬಿಕೆಯಿದೆ ಎನ್ನುತ್ತಾನೆ, ಆದರೂ ಜನರೆದುರಿಗೆ ಆಗಲಿ ಎನ್ನುತ್ತಾನೆ. ಅವಳು ಶಪಥವನ್ನು ಮಾಡುತ್ತಾಳೆ. ಆದರೆ ಮರಳಿ ಬರುವುದಕ್ಕಾಗಿ ಅಲ್ಲ. ತಾನು ರಾಮನನ್ನಲ್ಲದೆ ಬೇರೊಬ್ಬನನ್ನು ನೆನೆಯದಿದ್ದರೆ ಭೂಮಿಯು ತನಗೆ ಎಡೆ ಕೊಡಲಿ ಎಂದು. ಜೈನ ಪರಂಪರೆಯ ವಿಮಲಸೂರಿಯ ರಾಮಾಯಣದಲ್ಲಿಯಾದರೊ, ಬೆಂಕಿಯ ಪರೀಕ್ಷೆಯಲ್ಲಿ ಗೆದ್ದವಳನ್ನು ರಾಮನು ಅರಮನೆಗೆ ಕರೆದಾಗ ಅವಳು ಅಲ್ಲಿಯೇ ತನ್ನ ಕೂದಲನ್ನು ಕಿತ್ತು ದೀಕ್ಷೆ ವಹಿಸುವಳು. ಎಷ್ಟೋ ವಿಷಯಗಳಲ್ಲಿ ಒಂದಕ್ಕೊಂದು ಕೂಡದ ಈ ಎರಡು ಕಥೆಗಳೂ ಈ ಒಂದು ವಿಷಯದಲ್ಲಿ ಕೂಡುತ್ತವೆ. ಗೆದ್ದ ಮೇಲೆ ಅವಳು ಹಿಂದಿರುಗಲಿಲ್ಲ. ಅವಳನ್ನೊಮ್ಮೆ ಕೇಳಿದವರುಂಟೋ ಎಂದ ಆ ವೃದ್ಧೆಗೆ ಈ ಸಂಗತಿಯನ್ನು ತಿಳಿಸಬೇಕೆಂದು ನನಗೆ ಅನ್ನಿಸಿತು. ಕಡೆಯ ಕಾಂಡವನ್ನು ಕಿತ್ತುಹಾಕಿದರೆ ಸೀತೆಗೆ ಒಂದು ದುಃಖವು ತಪ್ಪುತ್ತದೆಯೆಂದೇ ನಾನು ಅದುವರೆಗೆ ತಿಳಿದಿದ್ದೆನು. ಅವಳು ಆಡಿದ ಕಡೆಯ ಮಾತೂ ಅದರೊಡನೆ ಹೋಗುವುದೆಂದು ಹೊಳೆದಿರಲಿಲ್ಲ.

ಭೂಮಿಯು ಮುಚ್ಚಿಕೊಂಡಾಗ ರಾಮನಿಗೆ ದುಃಖದೊಡನೆ ಕೋಪವೂ ಬರುತ್ತದೆ. ಸೀತೆಯನ್ನು ಹಿಂದಕ್ಕೆ ಕೊಡು, ಇಲ್ಲದಿದ್ದರೆ ಬೆಟ್ಟಕಾಡುಗಳೊಡನೆ ನಿನ್ನನ್ನು ನಾಶಮಾಡುವೆನೆಂದು ಭೂಮಿಯನ್ನೇ ಗದರಿಸುತ್ತಾನೆ. ಆಗ ಬ್ರಹ್ಮನು ಬಂದು ಸಮಾಧಾನ ಹೇಳುತ್ತಾನೆ. ಅವನು ಹೇಳುವ ಸಮಾಧಾನವು ವಿಚಿತ್ರವಾದುದು: ಕಾವ್ಯವು ಇನ್ನೂ ಮುಗಿದಿಲ್ಲ, ಮುಂದೆ ಆಗಲಿರುವುದು ಅದರಲ್ಲಿದೆ, ಋಷಿಗಳೊಡನೆ ಕುಳಿತು ಉಳಿದುದನ್ನೂ ಕೇಳು, ಎಂದು. ಉಳಿದುದರಲ್ಲಿ ಲಕ್ಷ್ಮಣನನ್ನು ಬಿಡುವುದಿದೆ, ತಾನು ಸರಯೂ ನದಿಗೆ ಇಳಿಯುವುದಿದೆ. ರಾಮನು ಮಕ್ಕಳನ್ನು ಕರೆದುಕೊಂಡು ಪರ್ಣಶಾಲೆಗೆ ಹೋದನು. ಆ ರಾತ್ರಿಯು ಸೀತೆಯನ್ನು ನೆನೆದು ಅಳುವುದರಲ್ಲಿ ಕಳೆಯಿತು. ಬೆಳಗಾದ ಮೇಲೆ ಋಷಿಗಳನ್ನು ಕೂಡಿಸಿ, ಅಂಜದೆ ಹಾಡಿರೆಂದು ಮಕ್ಕಳಿಗೆ ಹೇಳಿ, ಕೇಳಲು ಕುಳಿತನು.